ಮೇಡಂ ಹೊಡೆಯದ ಒಂದು ಏಟು

ನಮ್ಮ ಮೇಡಂ ಹೊಡೆಯುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ಯಾರೂ ಆಮೇಲೆ ನನ್ನ ಬಾಯಿ ಮುಚ್ಚಿಸಲು ಬರಬಾರದು. ಬರಿಗೈಯಲ್ಲಿ ಹೊಡೆಯುತ್ತಿದ್ದರು, ರೆಕಾರ್ಡ್ ಪುಸ್ತಕ ಸುತ್ತಿ ಹೊಡೆಯುತ್ತಿದ್ದರು, ಟೆಸ್ಟ್ ಟ್ಯೂಬ್ ಹಿಡಿಯುವ ಮರದ ಇಕ್ಕಳದಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಹೊಡೆಸಿಕೊಳ್ಳುತ್ತಿದ್ದ ನಾವು ಪ್ರೈಮರಿ ಶಾಲೆಯ ಮಕ್ಕಳಲ್ಲ. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಮೆಡಿಕಲ್ ಬಯೋಟೆಕ್ನಾಲಜಿ ಡಿಗ್ರಿ ಓದುತ್ತಿದ್ದ, ವೋಟು ಹಾಕುವ ವಯಸ್ಸಿನ ಕತ್ತೆಗಳು.

ಕುಳ್ಳಗೆ, ಕಡ್ಡಿಯ ಹಾಗೆ ಇದ್ದರು. ಸೀರೆಯ ಮೇಲೆ ಬಿಳಿ ಕೋಟು, ಅದರ ತೋಳಿನಲ್ಲಿ ಆಸಿಡ್ ಬಿದ್ದು ಆದ ತೂತು. ಮುಂದಿನ ಎರಡು ಹಲ್ಲು ಕಟ್ಟಿಸಿದವು. ಸಿಟ್ಟು ಬಂದಾಗ ಆ ಹಲ್ಲನ್ನು ನಾಲಿಗೆಯಿಂದ ಒತ್ತುತ್ತಿದ್ದರು, ಟಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಾವು ಕೈಗಳನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದೆವು. ನಿಜವಾದ ಹಲ್ಲು ಎಲ್ಲಿ ಹೋದವು ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ. ಒಮ್ಮೆ ಬಚ್ಚಲಲ್ಲಿ ಜಾರಿಬಿದ್ದದ್ದು, ಒಮ್ಮೆ ಬಸ್ಸಿನ ಬ್ರೇಕು. ಮೂರನೇ ಸಲ ಕೇಳಿದ ಹುಡುಗಿಗೆ, "ಹಲ್ಲು ಸಿಲಬಸ್ಸಿನಾಗೆ ಇಲ್ಲ, ನಡಿ" ಎಂದಿದ್ದರು.

ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ನಾನು ಹೊಳಲ್ಕೆರೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಚೈತ್ರ ಬಾಗೂರಿನ ಕಡೆಯವಳು, ಅವಳು ಹೊಸದುರ್ಗ. ಮೇಡಂ ಸ್ವತಃ ಹಿರಿಯೂರಿನವರು. "ಏಯ್ ಹೊಳಲ್ಕೆರೆ, ಕೈ ನೀಡು" ಎಂದರೆ ಮುಗಿಯಿತು, ನನ್ನ ಗ್ರಹಚಾರ.

ಮೊದಲ ವರ್ಷ ಒಬ್ಬ ಹುಡುಗ ಜೀವಾಣು ಬೆಳೆಸುವ ಗಾಜಿನ ತಟ್ಟೆಗಳ ಮುಚ್ಚಳ ತೆಗೆದಿಟ್ಟುಕೊಂಡು ಪಕ್ಕದವನ ಜೊತೆ ಕ್ರಿಕೆಟ್ ಮಾತಾಡುತ್ತಿದ್ದ. ಮೇಡಂ ಬಂದರು, ಹಲ್ಲು ಟಕ್ ಎಂದಿತು. ಅವನ ಎಂಟು ತಟ್ಟೆಗಳನ್ನೂ ಒಂದೊಂದಾಗಿ ಗೋಡೆಗೆ ಎಸೆದರು. ಗಾಜಿನ ಚೂರು ನಮ್ಮ ಚಪ್ಪಲಿಯವರೆಗೂ ಬಂತು.

"ಇದ್ರಾಗೆ ಬೆಳೆಯೋದು ರೋಗ ಅಲ್ಲಲೇ, ನಿನ್ ಉಗುಳು. ನಾಳೆ ನೀನು ರಿಪೋರ್ಟ್ ಬರೀತೀಯ. ನಿನ್ ಉಗುಳಿಗೆ ಯಾವನೋ ಬಡಪಾಯಿ ಮಾತ್ರೆ ನುಂಗ್ತಾನೆ" ಎಂದರು. ಆಮೇಲೆ ಅವನ ಜೊತೆ ಕುಕ್ಕರಗಾಲಲ್ಲಿ ಕೂತು ಚೂರುಗಳನ್ನೆಲ್ಲ ಆರಿಸಿದರು. ಅವನ ಬೆರಳಿಗೆ ಚೂರು ಚುಚ್ಚಿದಾಗ ಅವರೇ ತೆಗೆದು ಅಯೋಡಿನ್ ಹಚ್ಚಿದರು. ಹಚ್ಚುವಾಗಲೂ ತಲೆಗೆ ಒಂದು ಮೊಟಕಿದರು ಅನ್ನಿ.

ಎರಡನೇ ವರ್ಷ ನರದಿಂದ ರಕ್ತ ತೆಗೆಯುವುದನ್ನು ಕಲಿಸಬೇಕಿತ್ತು. ಕೆಲವು ಕಡೆ ರಬ್ಬರಿನ ಕೈ ಇಟ್ಟು ಕಲಿಸುತ್ತಾರಂತೆ, ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಮೇಡಂ ಕೋಟಿನ ತೋಳು ಮೇಲಕ್ಕೇರಿಸಿ ಮೇಜಿನ ಮೇಲೆ ತಮ್ಮ ಕೈಯನ್ನೇ ಚಾಚಿದರು. "ಬರ್ರಿ, ಒಬ್ಬೊಬ್ರೇ. ಕುಂಬಳಕಾಯಿ ಕೊಯ್ದಂಗೆ ಮಾಡ್ಬೇಡ್ರಿ, ಒಳಗೆ ಜೀವ ಐತೆ." ದಿನಕ್ಕೆ ಮೂವರ ಹಾಗೆ ಇಡೀ ಕ್ಲಾಸು ಆ ಕೈಗೇ ಚುಚ್ಚಿತು. ನನ್ನ ಸರದಿ ಬಂದಾಗ ಮೂರು ಸಲವೂ ನರ ತಪ್ಪಿಸಿದೆ. ಮೂರನೇ ಸಲ ಸೂಜಿ ಚರ್ಮದೊಳಗಿರುವಾಗಲೇ ಇನ್ನೊಂದು ಕೈಯಿಂದ ನನ್ನ ಕೆನ್ನೆಗೆ ಬಾರಿಸಿದರು.

"ಅಳ್ಬೇಡ. ಅತ್ರೆ ಕಣ್ಣು ಮಂಜಾಗ್ತೈತೆ, ನಿಂಗೆ ಕಣ್ಣು ಮಂಜಾದ್ರೆ ನಂಗೆ ನೋವಾಗ್ತೈತೆ. ಚುಚ್ಚು."

ನಾಲ್ಕನೇ ಸಲ ಸಿಕ್ಕಿತು. ಸಿರಿಂಜಿನಲ್ಲಿ ಕಪ್ಪು ಕೆಂಪು ರಕ್ತ ಏರಿದಾಗ ಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ವಾರ ಅವರ ಮೊಳಕೈ ಒಳಗೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಬಾತುಕೊಂಡಿತ್ತು. ಅದೇ ಕೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರು, ಅದೇ ಕೈಯಲ್ಲಿ ನಮಗೆ ಹೊಡೆಯುತ್ತಲೂ ಇದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರಬೇಕು.

ರಕ್ತದ ಗುಂಪು ನೋಡುವುದು ನಮ್ಮ ಓದಿನಲ್ಲಿ ತೀರಾ ಸುಲಭದ ಕೆಲಸ. ಬಿಳಿ ಟೈಲ್ ಮೇಲೆ ಮೂರು ಹನಿ ರಕ್ತ ಇಡಬೇಕು. ಒಂದಕ್ಕೆ ನೀಲಿ ಬಾಟಲಿಯ ದ್ರವ, ಅದು A ಗುಂಪನ್ನು ಹಿಡಿಯುತ್ತದೆ. ಇನ್ನೊಂದಕ್ಕೆ ಹಳದಿ, ಅದು B ಯನ್ನು ಹಿಡಿಯುತ್ತದೆ. ಮೂರನೆಯದು ಪಾಸಿಟಿವ್ ನೆಗೆಟಿವ್ ನೋಡಲು. ಹನಿ ಗಂಟುಗಂಟಾಗಿ ಒಡೆದರೆ ಆ ಗುಂಪು ಇದೆ ಎಂದರ್ಥ. ನೀಲಿ ಹಳದಿ ಎರಡಕ್ಕೂ ಒಡೆದರೆ AB, ಎರಡಕ್ಕೂ ಒಡೆಯದಿದ್ದರೆ O. ಇಷ್ಟೇ. ಈ ಇಷ್ಟಕ್ಕೆ ಮೇಡಂ ಒಂದು ತಿಂಗಳು ಪಾಠ ಮಾಡಿದ್ದರು. "ಟೈಲ್ ಮೇಲಿರೋದು ಹನಿ ಅಲ್ಲ ಕಣ್ರೇ, ಮನುಷ್ಯ" ಎಂದು ಪ್ರತಿ ಸಲವೂ ಹೇಳುತ್ತಿದ್ದರು.

ಕಾಲೇಜಿಗೆ ಬರುತ್ತಿದ್ದ ಬಾಟಲಿಗಳು ಸಾಲುತ್ತಿರಲಿಲ್ಲ. ಅದಕ್ಕೆ ನಮ್ಮ ಸೀನಿಯರ್‌ಗಳು ಒಂದು ಉಪಾಯ ಕಂಡುಕೊಂಡಿದ್ದರು, ಬ್ಯಾಚಿನಿಂದ ಬ್ಯಾಚಿಗೆ ಗುಟ್ಟಾಗಿ ದಾಟಿಸುತ್ತಿದ್ದರು. ಬಾಟಲಿ ತಳ ಕಂಡಾಗ ಉಪ್ಪುನೀರು ತುಂಬುವುದು. ಹಳದಿ ಬಾಟಲಿಯ ಬಣ್ಣ ತೆಳುವಾದರೆ ಬೂಂದಿ ಲಾಡುವಿಗೆ ಹಾಕುವ ಹಳದಿ ಬಣ್ಣದ ಪುಡಿ ಒಂದು ಚಿಟಿಕೆ. ನೋಡಲು ಹೊಸ ಬಾಟಲಿಯೇ! ಪ್ರಾಕ್ಟಿಕಲ್ ಮುಗಿಯುತ್ತಿತ್ತು, ರೆಕಾರ್ಡಿಗೆ ಸಹಿ ಬೀಳುತ್ತಿತ್ತು, ಯಾರ ಗುಂಪು ಏನೆಂದು ಅವರವರಿಗೆ ಮೊದಲೇ ಗೊತ್ತಿರುತ್ತಿದ್ದುದರಿಂದ ತಮ್ಮ ರೆಕಾರ್ಡಿನಲ್ಲಿ ಅದನ್ನೇ ಬರೆದುಕೊಳ್ಳುತ್ತಿದ್ದರು. ಮೇಡಂ ಒಮ್ಮೆ ಹೀಗೆ ನೀರು ಹಾಕಿದ ಒಬ್ಬನನ್ನು ಹಿಡಿದು ಇಕ್ಕಳ ಮುರಿಯುವವರೆಗೆ ಹೊಡೆದಿದ್ದರು. ಇಕ್ಕಳ ಮುರಿಯಿತು, ಉಪಾಯ ಉಳಿಯಿತು.

ಮೂರನೇ ವರ್ಷದ ಒಂದು ಶನಿವಾರ ಮೇಡಂಗೆ ಬೇರೆ ಕಡೆ ಪರೀಕ್ಷೆಯ ಡ್ಯೂಟಿ ಬಿತ್ತು. ಫ್ರಿಜ್ಜಿನ ಕೀಲಿ ನನ್ನ ಕೈಗೆ ಕೊಟ್ಟರು. ಆ ಹೆಮ್ಮೆಗೆ ನಾನು ನೆಲದಿಂದ ಎರಡಡಿ ಮೇಲೆ ನಡೆಯುತ್ತಿದ್ದೆ.

"ಹೊಳಲ್ಕೆರೆ, ಕೇಳಿಲ್ಲಿ. ಕೆಳಗಿನ ಖಾನೆಯಾಗಿರೋ ಹೊಸ ಬಾಟಲಿ ಕಿಟ್ ಪರೀಕ್ಷೆಗೆ ಇಟ್ಟಿರೋದು. ಮೇಲಿಂದು ಖಾಲಿಯಾದ್ರೆ ಅಲ್ಲಿಗೇ ನಿಲ್ಸು. ಉಳ್ದೋರಿಗೆ ಸೋಮವಾರ ಮಾಡಾಣ. ಗೊತ್ತಾಯ್ತಾ?"

"ಹೂಂ ಮೇಡಂ."

ಗೊತ್ತಾಗಿತ್ತು. ಅದಕ್ಕೇ ಈ ಕಥೆ ಹೇಳಲು ನನಗೆ ನಾಚಿಕೆ. ಹಳದಿ ಬಾಟಲಿಯ ತಳದಲ್ಲಿ ಉಳಿದಿದ್ದದ್ದು ನಾಲ್ಕೇ ಹನಿ. ಬ್ಯಾಚಿನ ಇಪ್ಪತ್ತು ಜನ ಮುಂದೆ ನಿಂತಿದ್ದಾರೆ. ಅರ್ಧಕ್ಕೇ ನಿಲ್ಲಿಸಿದರೆ ಇವಳಿಗೆ ಒಂದು ಕ್ಲಾಸು ನಡೆಸಲು ಬರಲಿಲ್ಲ ಎನ್ನುತ್ತಾರಲ್ಲ ಎಂಬ ಜಂಬ. ಮೂಲೆಗೆ ತಿರುಗಿ ಬಾಟಲಿಯ ಕತ್ತಿನವರೆಗೆ ಉಪ್ಪುನೀರು ತುಂಬಿದೆ, ಬಣ್ಣದ ಪುಡಿ ಹಾಕಿ ಹೆಬ್ಬೆರಳು ಅದುಮಿ ಕುಲುಕಿದೆ. ಇದನ್ನು ಯಾರೂ ನೋಡಲಿಲ್ಲ. ರಿಜಿಸ್ಟರಿನಲ್ಲಿ ಟೈಲ್ ಮೇಲೆ ಕಂಡದ್ದನ್ನು ಕಂಡ ಹಾಗೇ ಬರೆಯುತ್ತಾ ಹೋದೆ.

ಚೈತ್ರಾಗೆ ತನ್ನ ಗುಂಪು ಗೊತ್ತಿರಲಿಲ್ಲ. ಟೈಲ್ ಮೇಲೆ ನೀಲಿಗೂ ಒಡೆಯಲಿಲ್ಲ, ಹಳದಿಗೂ ಒಡೆಯಲಿಲ್ಲ. "ನಾನು O" ಎಂದಳು. ಗೋಡೆಯ ಮೇಲೆ ತಂದೆತಾಯಿಗಳ ಗುಂಪಿನಿಂದ ಮಕ್ಕಳಿಗೆ ಯಾವ ಗುಂಪು ಬರುತ್ತದೆ ಎನ್ನುವ ಪಟ್ಟಿ ಇತ್ತು. ಅದನ್ನು ನೋಡಿ ಏನೂ ಯೋಚಿಸದೆ, "ಅಯ್ಯ, ನಮ್ಮಪ್ಪಾಜಿ AB. ಲೈಸೆನ್ಸಿನಾಗೆ ಐತೆ. AB ಗೆ O ಹುಟ್ಟಲ್ವಂತೆ ಕಣ್ರೇ!" ಎಂದು ಜೋರಾಗಿ ಓದಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅವಳ ಚಿಕ್ಕಪ್ಪನ ಮಗ ನಮ್ಮ ಬ್ಯಾಚಿನಲ್ಲೇ ಇದ್ದ. ಅವನೊಬ್ಬ ನಗಲಿಲ್ಲ, ಮೊಬೈಲ್ ತೆಗೆದು ಚೈತ್ರಾಳ ಹೆಸರಿನ ಚೀಟಿಯ ಸಮೇತ ಟೈಲಿನ ಫೋಟೋ ಹಿಡಿದ.

ಆ ಸಂಜೆ ಇಬ್ಬರೂ ಊರಿಗೆ ಹೋದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ನನಗೆ ಫೋನು. ಚೈತ್ರ ಪಿಸುಗುಟ್ಟುತ್ತಿದ್ದಳು.

"ಆ ಫೋಟೋ ನೋಡಿ ನಮ್ಮವ್ವನ್ನ ಒನಕೇಲಿ ಹೊಡ್ದಾರೆ ಕಣೇ. ಹೊಸದುರ್ಗದ ಆಸ್ಪತ್ರೆಗೆ ಹಾಕವ್ರೆ. ನನ್ನ ಕೂಡಿ ಹಾಕವ್ರೆ. ಯಾರಿಗೆ ಹುಟ್ಟಿದ್ದು ಹೇಳು ಅಂತಾರೆ, ನಾನೇನ್ ಹೇಳ್ಲಿ? ಅಪ್ಪಾಜಿ ಮಚ್ಚು ಮಸೀತಾ ಕುಂತೈತೆ. ಅಜ್ಜಿ ಫೋನಿದು—" ಅಷ್ಟರಲ್ಲಿ ಫೋನು ಕಟ್ಟಾಯಿತು.

ಓಡಿಹೋಗಿ ಮೇಡಂಗೆ ಹೇಳಿದೆ. ಫೋನು ಬಂದದ್ದನ್ನು ಹೇಳಿದೆ, ಟೈಲಿನ ವಿಷಯ ಹೇಳಿದೆ, ನೀರಿನ ವಿಷಯ ಹೇಳಲಿಲ್ಲ. ಮೇಡಂ ಪೂರ್ತಿ ಕೇಳಿಸಿಕೊಂಡು ಶನಿವಾರದ ರಿಜಿಸ್ಟರ್ ತೆಗೆದರು. ಬೆರಳಿಟ್ಟು ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ ಓದಿದರು.

"ಇಪ್ಪತ್ತು ಜನದಾಗೆ ಒಬ್ಬನೂ B ಇಲ್ಲ? ಇಷ್ಟು O ಇದ್ದಿದ್ದು ನಾನು ಹುಟ್ಟಿದ್ಮೇಲೆ ನೋಡಿಲ್ಲ."

ಫ್ರಿಜ್ಜಿನಿಂದ ಹಳದಿ ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು, ಮೂಸಿ ನೋಡಿದರು. ಆಮೇಲೆ ನನ್ನ ಬಲಗೈ ಹಿಡಿದು ತಿರುಗಿಸಿದರು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಕೂತಿತ್ತು. ಎರಡು ದಿನ ಸೋಪು ಹಾಕಿ ತಿಕ್ಕಿದರೂ ಹೋಗಿರಲಿಲ್ಲ. ಹಲ್ಲು ಟಕ್ ಎನ್ನುವುದನ್ನು ಕಾಯುತ್ತಾ ಕಣ್ಣು ಮುಚ್ಚಿದೆ. ಸದ್ದು ಬರಲಿಲ್ಲ. ಮೇಡಂ ನನ್ನ ಕೈ ಬಿಟ್ಟರು.

"ಹೊಸ ಕಿಟ್ ತಗೋ. ಟೈಲ್ ತಗೋ, ಸೂಜಿ ತಗೋ. ಹೋಗಾಣ."

ಹೊಸದುರ್ಗದ ಬಸ್ಸಿನಲ್ಲಿ ಮೇಡಂ ನನ್ನ ಪಕ್ಕದಲ್ಲೇ ಕೂತರು. ಐಸ್ ಹಾಕಿದ ಕಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದರು. ನನಗಾದರೋ ಹೇಳಿಬಿಡಬೇಕು ಎಂದು ಬಾಯಿ ತನಕ ಬರುತ್ತಿತ್ತು, ಒಳಗೆ ಹೋಗುತ್ತಿತ್ತು. ಇಳಿಯುವವರೆಗೂ ಅದೇ ಗೋಳು.

ಆಸ್ಪತ್ರೆಯಲ್ಲಿ ಚೈತ್ರಾಳ ತಾಯಿಯನ್ನು ನೋಡಿ ನನಗೆ ಗುರುತೇ ಸಿಗಲಿಲ್ಲ. ಮುಖದ ಎಡಭಾಗ ಊದಿ ಕಣ್ಣು ಮುಚ್ಚಿಹೋಗಿತ್ತು, ಎಡಗಿವಿಯಿಂದ ಇಳಿದ ರಕ್ತ ಕುತ್ತಿಗೆಯವರೆಗೆ ಒಣಗಿತ್ತು, ಒಂದು ತೋಳಿಗೆ ಪಟ್ಟಿ. ಹಾಸ್ಟೆಲಿಗೆ ಬಂದಾಗಲೆಲ್ಲ ನನಗೂ ಒಂದು ಡಬ್ಬಿ ಪುಟಾಣಿ ಉಂಡೆ ತರುತ್ತಿದ್ದ ಹೆಂಗಸು.

"ನಾನೇನೂ ತಪ್ಪು ಮಾಡಿಲ್ಲ ಮೇಡಮ್ಮ. ಆ ಹನುಮಪ್ಪನ ಆಣೆಗೂ ಮಾಡಿಲ್ಲ."

"ಆಣೆ ಯಾಕಮ್ಮ ಇಡ್ತೀಯ ನನ್ ಮುಂದೆ? ನೀನು ಮಾಡಿದ್ರೂ ಅವ್ನು ಹಿಂಗೆ ಹೊಡ್ಯಂಗಿಲ್ಲ" ಎಂದರು ಮೇಡಂ. ಬೆರಳು ಚುಚ್ಚಿ ಆ ತಾಯಿಯ ಗುಂಪು ನೋಡಿದರು. ಹೊಸ ಹಳದಿ ಬಾಟಲಿಗೆ ರಕ್ತ ತಕ್ಷಣ ಒಡೆಯಿತು. B. ನಾನು ತಲೆ ಎತ್ತಲಿಲ್ಲ. ಮೇಡಂ ಪೊಲೀಸರಿಗೆ ಫೋನು ಮಾಡಿ ಊರ ಹೆಸರು ಹೇಳಿ, ಹೊರಗೆ ಬಂದು ಆಟೋ ಹಿಡಿದರು. "ಅವ್ರು ಬರ್ತಾರೆ. ಬರೋ ಹೊತ್ತಿಗೆ ಹುಡುಗಿ ಜೀವಂತ ಇರ್ಬೇಕಲ್ಲ" ಎಂದರು.

ಮನೆಯ ಮುಂದೆ ಕೊಬ್ಬರಿ ಕಾಯಿಯ ರಾಶಿ. ಐದಾರು ಜನ ನೆಂಟರು ಜಗಲಿಯ ಮೇಲೆ ತುಟಿ ಬಿಗಿದು ಕೂತಿದ್ದರು. ಚೈತ್ರಾಳ ಅಪ್ಪ ಕೆಳಗೆ ಕಲ್ಲಿನ ಮೇಲೆ, ಮಚ್ಚು ಕಾಲಿನ ಪಕ್ಕದಲ್ಲಿ. ಅವನನ್ನು ನಾನು ಬಹುವಚನದಲ್ಲಿ ಬರೆಯುವುದಿಲ್ಲ, ಯಾರು ಏನಾದರೂ ಅಂದುಕೊಳ್ಳಲಿ.

"ಯಾರಮ್ಮ ನೀವು?"

"ನಿನ್ ಮಗಳಿಗೆ ಪಾಠ ಹೇಳೋಳು. ಶನಿವಾರದ ಪರೀಕ್ಷೆ ತಪ್ಪಾಗೈತೆ. ತಿರುಗಿ ಮಾಡಾಕೆ ಬಂದೀನಿ. ಕುಂತ್ಕಳ್ರಿ ಎಲ್ಲಾರೂ, ಕಣ್ಣಾರೆ ನೋಡ್ರಿ."

ನನ್ನ ಕೈಗೆ ಟೈಲ್ ಕೊಟ್ಟು ಹಿಡಿದುಕೊಳ್ಳಲು ಹೇಳಿದರು. ಮೊದಲು ತಮ್ಮ ಬೆರಳಿಗೇ ಚುಚ್ಚಿ ತೋರಿಸಿದರು. ಆಮೇಲೆ ಅವನ ಬೆರಳು. ನೀಲಿಗೂ ಒಡೆಯಿತು, ಹಳದಿಗೂ ಒಡೆಯಿತು, ಲೈಸೆನ್ಸಿನಲ್ಲಿ ಇದ್ದ ಹಾಗೆಯೇ AB. ಅಜ್ಜಿ ಸೊಂಟದಿಂದ ಕೀಲಿ ತೆಗೆದು ಚೈತ್ರಾಳನ್ನು ಕರೆತಂದಳು. ಅವಳ ತುಟಿ ಸೀಳಿತ್ತು, ಒಂದು ಕಡೆ ಕೂದಲು ಕಿತ್ತುಬಂದಿತ್ತು. ಮೇಡಂ ಅವಳನ್ನು ತಬ್ಬಲಿಲ್ಲ, ಸಮಾಧಾನ ಹೇಳಲಿಲ್ಲ. "ಹೊಸದುರ್ಗ, ಬೆರಳು" ಎಂದರು. ಹನಿ ಇಟ್ಟರು. ನೀಲಿಗೆ ಏನೂ ಆಗಲಿಲ್ಲ. ಹಳದಿ ಬಿದ್ದ ಕೂಡಲೇ ರಕ್ತ ಗಂಟುಗಂಟಾಯಿತು.

ಅಜ್ಜಿ ಟೈಲಿನ ಮೇಲೆ ಬಗ್ಗಿ, "ಹಾಲು ಒಡೆದಂಗೆ ಒಡೀತಲ್ಲೋ!" ಎಂದಳು.

"B. ತಾಯೀದೂ B. ಅಪ್ಪ AB ಆದ್ರೆ ಮಗಳು O ಆಗಾಕೆ ಬರಲ್ಲ ಅಂದಿದ್ರಲ್ಲ? ಮಗಳು O ಅಲ್ಲ." ಅಲ್ಲಿಗೆ ನಿಲ್ಲಿಸಬಾರದೇ? ನಿಲ್ಲಿಸಲಿಲ್ಲ. "ಇವಳು ನಿನ್ ಮಗಳೇ ಅಂತ ಈ ಟೈಲ್ ಹೇಳಲ್ಲ. ಅಷ್ಟು ಹೇಳೋ ತಾಕತ್ತು ಇದಕ್ಕಿಲ್ಲ. ಅಲ್ಲ ಅಂದಿದ್ದು ಸುಳ್ಳು ಅಂತ ಹೇಳ್ತೈತೆ, ಅಷ್ಟೇ."

ಅಯ್ಯೋ ದೇವರೇ, ಮಚ್ಚು ಇಟ್ಟುಕೊಂಡು ಕೂತವನ ಮುಂದೆಯೂ ಈಕೆಗೆ ಪಾಠವೇ ಎಂದುಕೊಂಡೆ. ಆದರೆ ಜಗಲಿಯ ಮೇಲಿದ್ದವರೆಲ್ಲ ಉಸಿರು ಬಿಟ್ಟರು. "ಸದ್ಯ, ಮನೆ ಮರ್ಯಾದೆ ಉಳೀತು" ಎಂದರು ಒಬ್ಬರು. "ಮೇಡಮ್ಮಾರಿಗೆ ಟೀ ತರ್ರಿ" ಎಂದರು ಇನ್ನೊಬ್ಬರು. ಎರಡು ದಿನ ಒಂದು ಹೆಣ್ಣನ್ನು ಒನಕೆಯಲ್ಲಿ ಹೊಡೆದ ಮನೆಯಲ್ಲಿ ಎರಡು ನಿಮಿಷಕ್ಕೆ ಟೀಗೆ ನೀರಿಟ್ಟರು!

ಅವನು ಮಾತ್ರ ಟೈಲನ್ನೇ ನೋಡುತ್ತಿದ್ದ. "ಹಂಗಾರೆ ಶನಿವಾರ ತಪ್ಪು ಬಂದಿದ್ಯಾಕೆ?"

"ಬಾಟಲಿಗೆ ನೀರು ಬಿದ್ದಿತ್ತು."

"ಯಾರು ಹಾಕಿದ್ದು?"

ಉಗುರು ಕಾಣದಂತೆ ಹೆಬ್ಬೆರಳನ್ನು ಟೈಲಿನ ಕೆಳಗೆ ಸರಿಸಿದೆ. ಮೇಡಂ ನನ್ನ ಕಡೆ ತಿರುಗಲೂ ಇಲ್ಲ.

"ನಾನು" ಎಂದರು.

ಅವನು ಎದ್ದು ನಿಂತ. "ನಿನ್ನಿಂದ ನಾನು ನನ್ ಹೆಂಡ್ತಿ ಮೈ ಮುರೀಬೇಕಾಯ್ತಲ್ಲೇ ಲೌಡಿ!"

ಆಗ ಹಲ್ಲಿನ ಸದ್ದು ಕೇಳಿತು. ಟಕ್. ನಾನು ಕಣ್ಣು ಮುಚ್ಚುವ ಮೊದಲೇ ಏಟು ಬಿದ್ದಿತ್ತು, ಅವನ ಕೆನ್ನೆಗೆ. ಆರಡಿ ಗಂಡಸು, ಈ ಕಡ್ಡಿಯಂಥ ಹೆಂಗಸಿನ ಏಟಿಗೆ ಒಂದು ಹೆಜ್ಜೆ ಹಿಂದೆ ಹೋದ.

"ನನ್ನಿಂದ ರಿಪೋರ್ಟ್ ತಪ್ಪಾಯ್ತು. ಮೈ ಮುರ್ದಿದ್ದು ನೀನು. O ಬಂದಿದ್ರೂ ಹೊಡ್ಯಾಕೆ ನೀನ್ಯಾವನೋ? ನಂಗೂ ಒಬ್ಬ ಹಿಂಗೇ ಹೊಡ್ದಿದ್ದ. ಅವ್ನಿಗೂ ಏನೋ ಒಂದು ಕಾರಣ ಸಿಕ್ಕಿತ್ತು."

ಮಚ್ಚು ಮೇಲೆದ್ದದ್ದು ಕಂಡಿತು, ಇಳಿದದ್ದು ಕಾಣಲಿಲ್ಲ. ಮೇಡಂ ತಲೆಗೆ ಅಡ್ಡವಾಗಿ ಎಡಗೈ ಎತ್ತಿದ್ದರು. ಕೊಬ್ಬರಿ ಕಡಿದ ಹಾಗೆ ಸದ್ದಾಯಿತು. ಉಂಗುರದ ಬೆರಳೂ ಕಿರುಬೆರಳೂ ಚರ್ಮಕ್ಕೆ ಜೋತುಬಿದ್ದವು. ರಕ್ತ ನನ್ನ ಮುಖಕ್ಕೆ, ಅಜ್ಜಿಯ ಸೆರಗಿಗೆ, ಬಿಳಿ ಟೈಲಿನ ಮೇಲೆ ಚಿಮ್ಮಿತು. ಯಾರೋ ಕಿರುಚುತ್ತಿದ್ದರು. ಆಮೇಲೆ ತಿಳಿಯಿತು, ನಾನೇ.

ಮೇಡಂ ಬೀಳಲಿಲ್ಲ. ಆ ಕೈಯನ್ನು ಅವನ ಮುಖದ ಹತ್ತಿರಕ್ಕೆ ಚಾಚಿದರು.

"ಸಾಲ್ದಾ? ಇನ್ನೂ ಸ್ಯಾಂಪಲ್ ಬೇಕಾ?"

ಅವನ ಕೈಯಿಂದ ಮಚ್ಚು ಜಾರಿತು. ನೆಂಟರು ಆಗ ಎದ್ದು ಅವನನ್ನು ಹಿಡಿದರು. ಅದಕ್ಕೆ ಮೊದಲು ಯಾಕೆ ಎದ್ದಿರಲಿಲ್ಲವೋ ಅವರನ್ನೇ ಕೇಳಬೇಕು. ಮೇಡಂ ಚೈತ್ರಾಳ ಕಡೆ ತಿರುಗಿ, "ಬ್ಯಾಗ್ ತಗೋ, ಮಾರ್ಕ್ಸ್ ಕಾರ್ಡ್ ತಗೋ" ಎಂದರು. ನಾವು ಮೂವರೂ ಬೀದಿಯಲ್ಲಿ ಆಟೋವರೆಗೆ ನಡೆದೆವು. ನನ್ನ ದುಪಟ್ಟಾ ಸುತ್ತಿದ್ದರೂ ದಾರಿಯುದ್ದಕ್ಕೂ ರಕ್ತ ತೊಟ್ಟಿಕ್ಕುತ್ತಿತ್ತು. ಆಟೋದಲ್ಲಿ ಕಣ್ಣು ಮೇಲಾಗುತ್ತಿದ್ದಾಗಲೂ ಅವರು ಕೇಳಿದ್ದು, "ಟೈಲ್ ಎಲ್ಲಿ?"

"ಕೈಯಾಗೈತೆ ಮೇಡಂ."

"ತೊಳ್ದಿಡು."

ಪೊಲೀಸರು ಬಂದು ಅವನನ್ನು ಜೈಲಿಗೆ ಹಾಕಿದರು. ಜಾಮೀನು ಸಿಕ್ಕಿದ ಮೇಲೆ ಬಾಳೆಹಣ್ಣು ಹಿಡಿದು ಹೆಂಡತಿಯನ್ನು ಕರೆಯಲು ಬಂದನಂತೆ. "ಮೂರು ಹನಿ ರಕ್ತ ನೋಡಿದ್ಮೇಲೆ ನನ್ನ ನಂಬ್ದೋನ ಜೊತೆ ನಂಗೇನು ಬಾಳುವೆ? ಹೋಗು" ಎಂದು ಆ ತಾಯಿ ಮುಖ ತಿರುಗಿಸಿದರಂತೆ. ಮೇಡಂ ಮನೆಯಲ್ಲಿ ಮಗಳ ಜೊತೆಯೇ ಉಳಿದರು.

ಕಾಲೇಜಿನಲ್ಲಿ ವಿಚಾರಣೆ ಆಯಿತು. ಹೇಳಿಬಿಡಬೇಕು ಎಂದು ಆ ದಿನ ಬಾಗಿಲ ಹೊರಗೆ ನಿಂತಿದ್ದೆ, ಹನುಮಪ್ಪನ ಆಣೆಗೂ ನಿಂತಿದ್ದೆ. ಮೇಡಂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಹೊರಗೆ ಬಂದರು. ಬಾಟಲಿಗೆ ನೀರು ಬೆರೆಸಿದ್ದು ತಾವೇ ಎಂದು ಸಹಿ ಹಾಕಿ ಮುಗಿಸಿದ್ದರು. "ಮೇಡಂ, ನಾನು..." ಎಂದೆ. "ಹೋಗಿ ಓದ್ಕ" ಎಂದರು. ನಾನು ಹೋದೆ. ನೋಡಿ, ಎಷ್ಟು ಸುಲಭವಾಗಿ ಹೋದೆ.

ವರ್ಷದ ಕೊನೆಯವರೆಗೆ ಪಾಠಕ್ಕೆ ಇಟ್ಟುಕೊಂಡರು, ಗೆಸ್ಟ್ ಲೆಕ್ಚರರ್ ಆಗಿದ್ದರಿಂದ ಮುಂದಿನ ವರ್ಷ ಕರೆಯಲಿಲ್ಲ. ಆ ಉಳಿದ ತಿಂಗಳುಗಳಲ್ಲಿ ಮೇಡಂ ಎಲ್ಲರಿಗೂ ಹೊಡೆದರು, ಮೂರೇ ಬೆರಳಿನ ಎಡಗೈಯಲ್ಲೂ ಹೊಡೆದರು. ನನಗೆ ಮಾತ್ರ ಹೊಡೆಯಲಿಲ್ಲ. ತಡೆಯಲಾಗದೆ ಒಂದು ದಿನ ಅವರ ಕಣ್ಣೆದುರೇ ಬೇಕೆಂದು ಗಾಜಿನ ಪಿಪೆಟ್ ಕೊಳವೆಯನ್ನು ನೆಲಕ್ಕೆ ಹಾಕಿ ಒಡೆದೆ. ಕೈ ನೀಡಿ ನಿಂತೆ. ಮೇಡಂ ಪೊರಕೆ ತಂದು ಚೂರು ಗುಡಿಸಿ, "ಕಾಲು ಜೋಪಾನ" ಎಂದು ಹೇಳಿ ಹೋದರು. ಹಾಸ್ಟೆಲಿಗೆ ಬಂದು ದಿಂಬು ಕಚ್ಚಿಕೊಂಡು ಅತ್ತೆ.

ಆಮೇಲೆ ಅವರು ಹಿರಿಯೂರಿನಲ್ಲಿ ಎರಡು ಕೋಣೆಯ ಸಣ್ಣ ಲ್ಯಾಬ್ ಇಟ್ಟರು. ಡಿಗ್ರಿ ಮುಗಿದ ಮೇಲೆ ಚೈತ್ರ ಅಲ್ಲೇ ಸೇರಿದಳು, ಅವಳ ತಾಯಿಯೂ ಅಲ್ಲೇ ಇದ್ದರು. ನಾನು ಚಿತ್ರದುರ್ಗದ ಒಂದು ರಕ್ತನಿಧಿಯಲ್ಲಿ ಕೆಲಸಕ್ಕೆ ಸೇರಿದೆ. ಒಂದು ಬಾಟಲಿಯ ಮುಚ್ಚಳ ಸಡಿಲವಾಗಿದ್ದರೂ ಅಲ್ಲಿನ ಹುಡುಗಿಯರ ಚಳಿ ಬಿಡಿಸುತ್ತೇನೆ. ರಾಕ್ಷಸಿ ಎಂದು ಬೆನ್ನ ಹಿಂದೆ ಕರೆಯುತ್ತಾರೆ, ಕರೆಯಲಿ. ಎರಡು ಸಲ ಹಿರಿಯೂರಿಗೆ ಹೋಗಿದ್ದೆ. ಎರಡು ಸಲವೂ ಲ್ಯಾಬಿನ ಎದುರಿನ ಅಂಗಡಿಯಲ್ಲಿ ಕಾಫಿ ಕುಡಿದು, ಬೋರ್ಡು ನೋಡಿ, ಬಂದ ಬಸ್ಸಿಗೇ ವಾಪಸ್ಸು ಬಂದೆ. ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು!

ಕಳೆದ ತಿಂಗಳು ಚೈತ್ರಾಳ ಫೋನು ಬಂತು. "ಮೇಡಂ ಹೋದ್ರು. ಬೆಳಿಗ್ಗೆ ಎದೆನೋವು ಅಂದ್ರು, ಅಷ್ಟೇ. ಬಾ."

ಲ್ಯಾಬಿನ ಮುಂದಿನ ಕೋಣೆಯಲ್ಲೇ ಮಲಗಿಸಿದ್ದರು. ಎಡಗೈ ಬಲಗೈಯ ಮೇಲಿತ್ತು, ಮೂರು ಬೆರಳು. ತುಟಿ ಸ್ವಲ್ಪ ತೆರೆದು ಕಟ್ಟಿಸಿದ ಹಲ್ಲು ಕಾಣುತ್ತಿತ್ತು. ಅವು ಒಂದು ಸಲ ಟಕ್ ಎನ್ನಬಾರದೇ ಎಂದು ಹುಚ್ಚಿಯ ಹಾಗೆ ನಿಂತು ಕಾದೆ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದ ಚೈತ್ರಾಳ ಪಕ್ಕದಲ್ಲಿ ಕೂತೆ.

"ಚೈತ್ರಾ, ಆ ಬಾಟಲಿಗೆ ನೀರು ಹಾಕಿದ್ದು ಮೇಡಂ ಅಲ್ಲ. ನಾನು."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಗೊತ್ತು."

"ಮೇಡಂ ಹೇಳಿದ್ರಾ?"

"ಆಟೋದಾಗೆ ನಿನ್ ಉಗುರು ನೋಡಿದ್ದೆ. ಆಮೇಲೆ ಮೇಡಂನ ಕೇಳ್ದೆ. ಅವ್ಳೇ ಬಂದು ಹೇಳ್ಲಿ, ಅಲ್ಲೀತಂಕ ನೀನು ಕೇಳ್ಬೇಡ ಅಂದ್ರು. ದಿನಾ ಸಂಜೆ ಬಾಗ್ಲು ಹಾಕೋವಾಗ ಬಸ್ಸುಗಳ ಕಡೆ ನೋಡೋರು. ಇವತ್ತೂ ಬರಲಿಲ್ವಲ್ಲೇ ಹೊಳಲ್ಕೆರೆ, ಅನ್ನೋರು."

ಅಷ್ಟು ಹೇಳಿ ಎದ್ದು ನಿಂತಳು. ನನ್ನನ್ನೂ ಎಬ್ಬಿಸಿ ನಿಲ್ಲಿಸಿ, ಬಂದ ಜನರೆಲ್ಲರ ಎದುರು ನನ್ನ ಕೆನ್ನೆಗೆ ಒಂದು ಬಾರಿಸಿದಳು. ಕಣ್ಣು ಕತ್ತಲೆ ಬಂತು. ಬಾಯಲ್ಲಿ ರಕ್ತದ ರುಚಿ.

"ಇದು ನಂದು."

"ಮೇಡಂದೂ ನೀನೇ ಹೊಡಿಯೇ, ದಮ್ಮಯ್ಯ ಅಂತೀನಿ" ಎಂದು ಇನ್ನೊಂದು ಕೆನ್ನೆ ಒಡ್ಡಿದೆ. ಅಳು ಒತ್ತರಿಸಿ ಬರುತ್ತಿತ್ತು.

"ಅದು ನಂಗೆ ಹೊಡ್ಯಾಕೆ ಬರಲ್ಲ" ಎಂದಳು ಚೈತ್ರ. ನನ್ನ ಮೊಳಕೈ ಹಿಡಿದು ಬಾಗಿಲ ಕಡೆ ಎಳೆದಳು. ಒಳಗೆ ಮೇಡಂ ಕಾಲಿನ ಹತ್ತಿರ ಅವಳ ತಾಯಿ ಗೋಡೆಗೆ ಒರಗಿ ಕೂತಿದ್ದರು.

"ಒಳಗ್ ಬಾ. ಅವ್ವಂಗೂ ನೀನೇ ಹೇಳು. ಈ ಕಡೆ ಬಂದು ಬಲಗಿವಿಗೆ ಹೇಳು. ಎಡಗಿವಿ ಅವತ್ತೇ ಹೋಗೈತೆ."

ನಾನು ಒಳಗೆ ಹೋಗಿ ಅವರ ಬಲಗಡೆ ಕುಳಿತೆ.